ಕಾಳುಮೆಣಸಿನ ದುಡ್ಡಲ್ಲಿ ಕಟ್ಟಿದ ಊರು: ಮೂರು ದಿನದಲ್ಲಿ ಲಿಸ್ಬನ್ ನೋಡುವ ಬಗೆ

ಲಿಸ್ಬನ್‌ಗೆ ಹೋದ ಮೊದಲ ದಿನ ಸುಮ್ನೆ ಅಂಗಡಿ ಬೋರ್ಡುಗಳನ್ನು ಓದುತ್ತಾ ನಡೆಯಿರಿ. ಬೀಗದ ಕೈ ಮಾಡಿಕೊಡುವವನ ಬೋರ್ಡಿನಲ್ಲಿ 'ಶಾವ್' ಅಂತ ಇರುತ್ತದೆ. ಅದೇ ನಮ್ಮ ಚಾವಿ. ಚರ್ಚಿನ ಹೆಸರಿನ ಮುಂದೆ 'ಇಗ್ರೇಜಾ', ಮಂಗಳೂರು ಕಡೆಯವರು ಇಂದಿಗೂ ಹೇಳುವ ಇಗರ್ಜಿ. ತರಕಾರಿ ಅಂಗಡಿಯಲ್ಲಿ ಬಟಾಟೆ, ಅನಾನಸು ಹೆಚ್ಚುಕಮ್ಮಿ ಅದೇ ಹೆಸರಲ್ಲಿ ಕೂತಿರುತ್ತವೆ. ಹರಾಜಿಗೆ ಅವರು ಹೇಳುವ ಮಾತು ನಮ್ಮ ಕಡೆ ಲಿಲಾವು ಆಯಿತು. ಅವರ 'ಮೆಶ್ತ್ರ' ನಮ್ಮಲ್ಲಿ ಗಾರೆ ಕೆಲಸದ ಮೇಸ್ತ್ರಿ. ಐನೂರು ವರ್ಷದ ಹಿಂದೆ ನಮ್ಮ ಪಶ್ಚಿಮ ಕರಾವಳಿಯಿಂದ ಕಾಳುಮೆಣಸು ಅಲ್ಲಿಗೆ ಹೋಯಿತು. ಅವರ ಹಡಗಿನಲ್ಲಿ ಮೆಣಸಿನಕಾಯಿ ಇಲ್ಲಿಗೆ ಬಂತು. ಜೊತೆಗೆ ಈ ಮಾತುಗಳೂ ಬಂದವು.

ಪೋರ್ಚುಗಲ್‌ನ ಈ ರಾಜಧಾನಿಯನ್ನು ನೋಡಲು ನನ್ನದೊಂದು ಸರಳ ಲೆಕ್ಕವಿದೆ. ಯಾವ ಕಟ್ಟಡದ ಮುಂದೆ ನಿಂತರೂ ಎರಡೇ ಪ್ರಶ್ನೆ ಕೇಳಿ. ಇದು 1755ಕ್ಕೆ ಮುಂಚಿನದೋ, ಆಮೇಲಿನದೋ? ಇದಕ್ಕೆ ದುಡ್ಡು ಎಲ್ಲಿಂದ ಬಂತು? ಆ ವರ್ಷದ ನವೆಂಬರ್ 1ರ ಬೆಳಗ್ಗೆ ಆದ ಭೂಕಂಪ ಈ ಊರನ್ನು ಎರಡು ತುಂಡು ಮಾಡಿತು. ಮುಂಚಿನ ಊರು ಎಲ್ಲಿ ಉಳಿದಿದೆ, ಆಮೇಲಿನ ಊರು ಎಲ್ಲಿ ಎದ್ದಿದೆ ಅಂತ ಗೊತ್ತಾದರೆ ಗೈಡಿನ ಅಗತ್ಯವೇ ಜಾಸ್ತಿ ಬೀಳುವುದಿಲ್ಲ.

ಹೊರಡುವ ಮುಂಚೆ

ಶೆಂಗೆನ್ ವೀಸಾ ಬೇಕು. ವಿಮಾನ ಕೊಲ್ಲಿ ದೇಶದಲ್ಲೋ ಯುರೋಪಿನ ಇನ್ನೊಂದು ಊರಿನಲ್ಲೋ ಬದಲಿಸಬೇಕಾಗುತ್ತದೆ. ಲಿಸ್ಬನ್‌ನ ವಿಮಾನ ನಿಲ್ದಾಣ ಊರೊಳಗೇ ಇದೆ. ಇಳಿದ ಕೂಡಲೇ ಮೆಟ್ರೊದ ಕೆಂಪು ಲೈನ್ ಸಿಗುತ್ತದೆ, ಟ್ಯಾಕ್ಸಿಗೆ ಪರದಾಡಬೇಕಿಲ್ಲ.

ಏಪ್ರಿಲ್‌ನಿಂದ ಜೂನ್ ಒಳ್ಳೆಯ ಕಾಲ. ಸೆಪ್ಟೆಂಬರ್, ಅಕ್ಟೋಬರ್ ಕೂಡ ಆಗುತ್ತದೆ. ಜುಲೈ, ಆಗಸ್ಟ್‌ನಲ್ಲಿ ಬಿಸಿಲೂ ಜಾಸ್ತಿ, ಜನವೂ ಜಾಸ್ತಿ. ನವೆಂಬರ್ ಆದ ಮೇಲೆ ಮಳೆ. ಮಳೆ ಅಂದೆನಲ್ಲ, ಈ ಊರಿಗೆ ಹೋಗುವವರು ಮೊದಲು ಯೋಚಿಸಬೇಕಾದದ್ದು ಚಪ್ಪಲಿಯ ಬಗ್ಗೆ. ಫುಟ್‌ಪಾತಿಗೆಲ್ಲ ಬಿಳಿ ಸುಣ್ಣದಕಲ್ಲಿನ ಪುಟ್ಟ ಪುಟ್ಟ ತುಂಡು ಹಾಸಿದ್ದಾರೆ. ಕಪ್ಪು ಕಲ್ಲು ಸೇರಿಸಿ ಅಲೆ, ಹೂವು, ಹಡಗಿನ ಚಿತ್ರಗಳನ್ನೂ ಬಿಡಿಸಿದ್ದಾರೆ. ನೋಡಲು ರಂಗೋಲಿ ಥರ ಚೆಂದ. ಆದರೆ ಕಾಲಕಾಲಕ್ಕೆ ಸವೆದು ನುಣ್ಣಗಾಗಿದೆ. ನಾಲ್ಕು ಹನಿ ಬಿದ್ದರೆ ಎಣ್ಣೆ ಚೆಲ್ಲಿದ ಅಡುಗೆಮನೆ ನೆಲವೇ ಸರಿ. ಇಳಿಜಾರಿನಲ್ಲಿ ನಾನು ಒಮ್ಮೆ ಕೂತುಬಿಟ್ಟಿದ್ದೇನೆ. ರಬ್ಬರ್ ಅಡಿಯ, ಹಿಡಿತ ಇರುವ ಬೂಟು ಹಾಕಿ. ಹೊಸ ಬೂಟು ಬೇಡ.

ಕೋಣೆ ಹಿಡಿಯುವಾಗ ಬೈಶಾ ಅನ್ನುವ ತಗ್ಗಿನ ಪೇಟೆಯಲ್ಲಿ ನೋಡಿ. ಗುಡ್ಡದ ಇಳಿಜಾರಿನ ಹಳೇ ಕೇರಿ ಅಲ್ಫಾಮಾದ ಮನೆಗಳು ಚಿತ್ರದಲ್ಲಿ ಸೊಗಸು. ಅಲ್ಲಿಗೆ ಕಾರು ಹೋಗದ ಓಣಿಗಳೇ ಜಾಸ್ತಿ, ಸೂಟ್‌ಕೇಸ್ ಹೊತ್ತು ಮೆಟ್ಟಿಲು ಹತ್ತುವವರು ನೀವೇ.

ಇನ್ನೆರಡು ಮಾತು. ಸರ್ಕಾರದ ಸುಪರ್ದಿಯ ಸ್ಮಾರಕ, ಮ್ಯೂಸಿಯಂಗಳಿಗೆ ಸೋಮವಾರ ರಜೆ. ಬೆಲೇಂ ಕಡೆಗೆ ಸೋಮವಾರ ಹೋದರೆ ಬಾಗಿಲ ಚೆಂದ ನೋಡಿ ವಾಪಸ್ ಬರಬೇಕು. ಹಾಗಾಗಿ ಮೊದಲು ಕ್ಯಾಲೆಂಡರ್ ನೋಡಿ, ಆಮೇಲೆ ದಿನ ಹಂಚಿ. ಇನ್ನೊಂದು, ಮೆಟ್ರೊ ನಿಲ್ದಾಣದ ಯಂತ್ರದಲ್ಲಿ 'ನವೆಗಾಂತ್' ಕಾರ್ಡ್ ಸಿಗುತ್ತದೆ. ಕಾರ್ಡಿಗೆ ಅರ್ಧ ಯೂರೊ, ಮೇಲೆ ಬೇಕಾದಷ್ಟು ದುಡ್ಡು ತುಂಬಿಸಿ. ಮೆಟ್ರೊ, ಬಸ್ಸು, ಟ್ರಾಂ, ಹತ್ತಿರದ ರೈಲು ಎಲ್ಲದಕ್ಕೂ ಅದೇ ಆಗುತ್ತದೆ. ಒಬ್ಬೊಬ್ಬರಿಗೂ ಒಂದೊಂದು ಕಾರ್ಡ್ ಬೇಕು, ಮನೆ ಮಂದಿಗೆಲ್ಲ ಒಂದೇ ನಡೆಯುವುದಿಲ್ಲ.

ಮೊದಲ ದಿನ: ಬೆಲೇಂ, ಹಡಗು ಹೊರಟ ಜಾಗ

ಬೆಲೇಂ ಊರಿನ ಪಶ್ಚಿಮಕ್ಕೆ, ತೇಜೊ ನದಿಯ ದಡದಲ್ಲಿದೆ. ಕಾಯಿಶ್ ದೊ ಸೊದ್ರೆ ನಿಲ್ದಾಣದಿಂದ ಕಶ್ಕಾಯಿಶ್ ಕಡೆಯ ರೈಲು ಹಿಡಿಯಿರಿ. 15ನೇ ನಂಬರಿನ ಟ್ರಾಂ ಕೂಡ ಹೋಗುತ್ತದೆ, ಆದರೆ ಅದು ಬೆಳಗ್ಗೆಯೇ ತುಂಬಿ ತುಳುಕುತ್ತದೆ. ರೈಲು ಆರಾಮ. ಜೆರೊನಿಮೊಸ್ ಮಠದ ಬಾಗಿಲು ತೆರೆಯುವ ಹೊತ್ತಿಗೆ ಅಲ್ಲಿರಿ. ಟಿಕೆಟ್ ಹಿಂದಿನ ದಿನವೇ ಆನ್‌ಲೈನ್‌ನಲ್ಲಿ ತೆಗೆದಿಟ್ಟುಕೊಳ್ಳಿ. ಟಿಕೆಟ್ ಇರುವುದು ಮಠದ ಒಳಾಂಗಣಕ್ಕೆ. ಪಕ್ಕದ ಚರ್ಚಿಗೆ ಬೇರೆ ಸಾಲು. ಯಾವ ಸಾಲು ಎಲ್ಲಿಗೆ ಎಂದು ಕೇಳಿಕೊಂಡೇ ನಿಲ್ಲಿ.

ಈ ಮಠಕ್ಕೆ ಅರ್ಧ ದಿನ ಕೊಟ್ಟರೂ ತಪ್ಪಿಲ್ಲ. ವಾಸ್ಕೊ ಡ ಗಾಮಾ 1497ರ ಜುಲೈಯಲ್ಲಿ ಇದೇ ದಡದಿಂದ ಹೊರಟ. 1498ರ ಮೇ ತಿಂಗಳಲ್ಲಿ ಕಲ್ಲಿಕೋಟೆ ಮುಟ್ಟಿದ. ವಾಪಸ್ ಬರುವಾಗ ನಮ್ಮ ಕಾರವಾರದ ಎದುರಿನ ಅಂಜದೀವ್ ದ್ವೀಪದಲ್ಲಿ ನಿಂತು ಹಡಗು ರಿಪೇರಿ ಮಾಡಿಸಿ, ನೀರು ತುಂಬಿಕೊಂಡು ಹೋದ. ಅವನು ಊರು ಸೇರಿದ ಒಂದೆರಡು ವರ್ಷಕ್ಕೇ ದೊರೆ ಮನುಯೆಲ್ ಈ ಮಠದ ಕೆಲಸ ಶುರು ಮಾಡಿಸಿದ. ಕಟ್ಟಲು ದುಡ್ಡು? ಸಮುದ್ರದಾಚೆಯಿಂದ ಬಂದ ಸಂಬಾರ ಪದಾರ್ಥದ ವ್ಯಾಪಾರದ ಮೇಲೆ ಇಪ್ಪತ್ತಕ್ಕೊಂದರಂತೆ ಸುಂಕ. ನೂರು ಮೂಟೆ ಮೆಣಸು ಬಂದರೆ ಐದು ಮೂಟೆಯ ಬೆಲೆ ಈ ಗೋಡೆಗೆ. ಕೆಲಸ ಸುಮಾರು ನೂರು ವರ್ಷ ಎಳೆಯಿತು.

ಒಳಾಂಗಣದ ಕಂಬಗಳನ್ನು ಹತ್ತಿರ ಹೋಗಿ ನೋಡಿ. ಬಳ್ಳಿ ಅಂದುಕೊಂಡದ್ದು ಹಡಗಿನ ಹಗ್ಗವಾಗಿರುತ್ತದೆ. ಗಂಟು ಹಾಕಿದ ಹಗ್ಗ, ಹವಳ, ಚಿಪ್ಪು, ನಾವಿಕರು ಬಳಸುತ್ತಿದ್ದ ಬಳೆಬಳೆಯ ಗೋಲ, ಎಲ್ಲವೂ ಕಲ್ಲಿನಲ್ಲಿ. ದೊರೆಯ ಹೆಸರಿನಿಂದಲೇ ಈ ಶೈಲಿಗೆ ಮನುಯೆಲಿನ್ ಅನ್ನುತ್ತಾರೆ. ಬೇಲೂರು, ಹಳೇಬೀಡಿನ ಕೆತ್ತನೆ ನೋಡಿದ ಕಣ್ಣಿಗೆ ಇದೇನು ಮಹಾ ಅನ್ನಿಸಬಹುದು. ಕೆತ್ತನೆಯ ಸೂಕ್ಷ್ಮದಲ್ಲಿ ನಮ್ಮವರೇ ಮುಂದು, ನಾನೂ ಒಪ್ಪುತ್ತೇನೆ. ಇಲ್ಲಿ ನೋಡಬೇಕಾದದ್ದು ಬೇರೆ: ಮಠದ ಗೋಡೆಯ ಮೇಲೂ ಇವರಿಗೆ ಹಡಗಿನ ಸಾಮಾನೇ ಕಂಡಿದೆ.

ಚರ್ಚಿನೊಳಗೆ ಕಾಲಿಟ್ಟ ಕೂಡಲೇ ಎಡಕ್ಕೆ ಗಾಮಾನ ಸಮಾಧಿ. ಅವನು 1524ರಲ್ಲಿ ಕೊಚ್ಚಿಯಲ್ಲಿ ಸತ್ತ, ಮೊದಲು ಮಣ್ಣು ಮಾಡಿದ್ದೂ ಅಲ್ಲೇ. ಎಲುಬುಗಳು ಪೋರ್ಚುಗಲ್‌ಗೆ ಬಂದದ್ದು ಆಮೇಲೆ, ಈ ಚರ್ಚಿಗೆ ಬಂದದ್ದು 19ನೇ ಶತಮಾನದಲ್ಲಿ. ಬಲಕ್ಕೆ ಅವನ ಪಯಣವನ್ನು ಮಹಾಕಾವ್ಯ ಮಾಡಿದ ಕವಿ ಕಮೊಯಿಂಶ್‌ನ ಸಮಾಧಿ. ಇಬ್ಬರ ಮುಂದೆಯೂ ಜನ ಫೋಟೊ ತೆಗೆದುಕೊಂಡು ಹೊರಟುಬಿಡುತ್ತಾರೆ. ನೀವು ಮುಂದೆ ಪೀಠದ ತನಕ ಹೋಗಿ. ಅಲ್ಲಿ ಮನುಯೆಲ್ ದೊರೆ ಮತ್ತು ಅವನ ಮನೆಯವರ ಸಮಾಧಿಗಳಿವೆ. ಅವುಗಳನ್ನು ಹೊತ್ತು ನಿಂತಿರುವುದು ಅಮೃತಶಿಲೆಯ ಆನೆಗಳು. ಲಿಸ್ಬನ್‌ನ ದೊರೆ ಆನೆ ಬೆನ್ನ ಮೇಲೆ ಮಲಗಿದ್ದಾನೆ ನೋಡಿ.

ಸಂಬಾರದ ಈ ವ್ಯಾಪಾರದಲ್ಲಿ ನಮ್ಮವರ ಹೆಸರೂ ಇದೆ. 1510ರಲ್ಲಿ ಪೋರ್ಚುಗೀಸರ ಗವರ್ನರ್ ಅಫೊನ್ಸೊ ದ ಅಲ್ಬುಕೆರ್ಕ್ ಗೋವಾ ಹಿಡಿಯಲು ಹೊನ್ನಾವರದ ತಿಮ್ಮೋಜಿ ನೆರವಾಗಿದ್ದ. ಮುಂದೆ ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆಯುತ್ತಿದ್ದರಂತೆ. ಉಳ್ಳಾಲದ ಅಬ್ಬಕ್ಕನ ಕಥೆ ಹೇಳಬೇಕಿಲ್ಲ. ಆದರೆ ಬೆಲೇಂನ ಯಾವ ಫಲಕದಲ್ಲೂ ಈ ಹೆಸರುಗಳನ್ನು ನಾನು ಕಾಣಲಿಲ್ಲ. ಅಲ್ಬುಕೆರ್ಕ್‌ಗೆ ಮಾತ್ರ ಹತ್ತಿರದಲ್ಲೇ, ಅಧ್ಯಕ್ಷರ ಅರಮನೆಯ ಎದುರು, ಎತ್ತರದ ಕಂಬದ ಮೇಲೆ ಪ್ರತಿಮೆ ಇದೆ.

ಹೊಟ್ಟೆ ಹಸಿದಿರುತ್ತದೆ. ಮಠದಿಂದ ಎರಡು ಹೆಜ್ಜೆ ನಡೆದರೆ 1837ರಿಂದ ನಡೆಯುತ್ತಿರುವ ಪಾಶ್ತೆಯಿಶ್ ದ ಬೆಲೇಂ ಅಂಗಡಿ. ಗರಿಗರಿ ಪದರದ ಬಟ್ಟಲಿನೊಳಗೆ ಬಿಸಿ ಕಸ್ಟರ್ಡ್, ಮೇಲೆ ದಾಲ್ಚಿನ್ನಿ ಪುಡಿ ಉದುರಿಸಿಕೊಳ್ಳಬೇಕು. ಮೊಟ್ಟೆ ತಿನ್ನದವರು ಇದನ್ನು ಬಿಡಬೇಕು, ಅದರ ಜೀವಾಳವೇ ಹಳದಿ ಲೋಳೆ. ಹೊರಗಿನ ಸಾಲು ಕಂಡು ಹೆದರಬೇಡಿ. ಅದು ಕಟ್ಟಿಸಿಕೊಂಡು ಹೋಗುವವರದು. ಒಳಗೆ ಒಂದರ ಹಿಂದೊಂದು ಕೋಣೆಗಳಿವೆ, ಕೂರಲು ಜಾಗ ಸಿಗುತ್ತದೆ.

ತಿಂದಾದ ಮೇಲೆ ರಸ್ತೆಯಡಿಯ ದಾರಿಯಲ್ಲಿ ದಾಟಿ ನದಿಯ ಕಡೆ ಬನ್ನಿ. ಹಡಗಿನ ಮೂತಿಯಂತೆ ಎದ್ದು ನಿಂತಿರುವುದು ಅನ್ವೇಷಣೆಗಳ ಸ್ಮಾರಕ. ಹಳೆಯದೆಂದು ಮೋಸಹೋಗಬೇಡಿ. 1940ರ ವಸ್ತುಪ್ರದರ್ಶನಕ್ಕೆ ತಾತ್ಕಾಲಿಕವಾಗಿ ಕಟ್ಟಿದ್ದನ್ನು 1960ರಲ್ಲಿ ಕಾಂಕ್ರೀಟು, ಕಲ್ಲಿನಲ್ಲಿ ಮತ್ತೆ ಕಟ್ಟಿದರು. ಆಗ ಸಲಜಾರನ ಸರ್ವಾಧಿಕಾರ. ಗೋವಾ ಬಿಡಿ ಎಂದು ಭಾರತ ಕೇಳುತ್ತಿದ್ದ ಕಾಲ. ಆ ಹೊತ್ತಿನಲ್ಲಿ ಇಂಥದ್ದೊಂದು ಏಕೆ ಬೇಕಾಯಿತು ಅಂತ ಊಹಿಸುವುದು ಕಷ್ಟವಲ್ಲ, ಅಲ್ವಾ? ಮೇಲೆ ಹತ್ತುವುದು ನಿಮ್ಮಿಷ್ಟ. ನೆಲದ ಮೇಲೆ 50 ಮೀಟರ್ ಅಗಲದ ದಿಕ್ಸೂಚಿ, ನಡುವೆ ಜಗತ್ತಿನ ಭೂಪಟ ಇದೆ. ಅದರಲ್ಲಿ ನಮ್ಮ ಕರಾವಳಿ ಹುಡುಕುವುದು ಮಕ್ಕಳಿಗೆ ಒಳ್ಳೆಯ ಆಟ.

ಅಲ್ಲಿಂದ ದಡದಲ್ಲೇ ಹದಿನೈದು ನಿಮಿಷ ನಡೆದರೆ ಬೆಲೇಂ ಗೋಪುರ. 1514ರಲ್ಲಿ ಶುರುವಾಗಿ ಐದಾರು ವರ್ಷದಲ್ಲಿ ಮುಗಿದ ಕಾವಲುಕೋಟೆ. ಮಠ ಮತ್ತು ಗೋಪುರ ಎರಡೂ 1983ರಿಂದ ಯುನೆಸ್ಕೊ ಪಟ್ಟಿಯಲ್ಲಿವೆ. ಒಳಗೆ ಹೋಗಲೇಬೇಕು ಅಂತ ಹಟ ಬೇಡ. ಮೆಟ್ಟಿಲು ಕಿರಿದು, ಸಾಲು ಉದ್ದ, ದುರಸ್ತಿಗೆಂದು ಮುಚ್ಚಿರುವುದೂ ಉಂಟು. ಒಳ್ಳೆಯದು ಹೊರಗೇ ಇದೆ. ದಡದಿಂದ ಕತ್ತೆತ್ತಿ, ಮೂಲೆಯ ಪುಟ್ಟ ಕಾವಲು ಗೂಡುಗಳ ಬುಡ ನೋಡಿ. ಒಂದರ ಕೆಳಗೆ ಸವೆದ ಪ್ರಾಣಿಯ ತಲೆ ಇದೆ. ಅದು ಖಡ್ಗಮೃಗ.

ಗುಜರಾತಿನ ಸುಲ್ತಾನ ಕೊಟ್ಟ ಖಡ್ಗಮೃಗವನ್ನು ಅಲ್ಬುಕೆರ್ಕ್ ಗೋವಾದಿಂದ ಹಡಗು ಹತ್ತಿಸಿದ. 1515ರ ಮೇ 20ರಂದು ಅದು ಲಿಸ್ಬನ್‌ನಲ್ಲಿ ಇಳಿಯಿತು. ರೋಮನ್ನರ ಕಾಲದ ನಂತರ ಯುರೋಪು ಕಣ್ಣಾರೆ ಕಂಡ ಮೊದಲ ಖಡ್ಗಮೃಗ ಅದು. ದೊರೆ ಅದನ್ನೂ ಆನೆಯನ್ನೂ ಜಗಳಕ್ಕೆ ಬಿಟ್ಟ. ಆನೆ ಓಡಿಹೋಯಿತು. ಮುಂದೆ ಪೋಪ್‌ಗೆ ಉಡುಗೊರೆಯಾಗಿ ಕಳಿಸುವಾಗ ಇಟಲಿಯ ಹತ್ತಿರ ಹಡಗು ಮುಳುಗಿ, ಸರಪಳಿ ಕಟ್ಟಿದ್ದ ಪಾಪದ ಪ್ರಾಣಿ ಸತ್ತಿತು. ಜರ್ಮನಿಯ ಡ್ಯೂರರ್ ಅದನ್ನು ನೋಡದೆಯೇ, ಯಾರೋ ಬರೆದದ್ದನ್ನು ನಂಬಿ ಚಿತ್ರ ಬಿಡಿಸಿದ. ಆ ಚಿತ್ರ ಜಗತ್ತಿಗೆಲ್ಲ ಗೊತ್ತು. ಈ ಕಲ್ಲಿನ ತಲೆಯ ಕೆಳಗೆ ಮಾತ್ರ ಜನ ಬೆನ್ನು ಹಾಕಿ ಸೆಲ್ಫಿ ತೆಗೆಯುತ್ತಿರುತ್ತಾರೆ.

ಎರಡನೆಯ ದಿನ: ಬೈಶಾ, ಬಿದ್ದ ಊರಿನ ಮೇಲೆ ಎದ್ದ ಊರು

ಇವತ್ತು ಟ್ರಾಂ ಬೇಡ, ಕಾಲೇ ಸಾಕು. ನದಿ ದಡದ ಪ್ರಾಸಾ ದೊ ಕೊಮೆರ್ಸಿಯೊ ಚೌಕದಿಂದ ಶುರು ಮಾಡಿ.

ಸುತ್ತಲೂ ಹಳದಿ ಕಟ್ಟಡ, ನಡುವೆ ಕುದುರೆ ಮೇಲೆ ಭೂಕಂಪದ ಕಾಲದ ಜುಜೆ ದೊರೆ. 1775ರ ಕಂಚಿನ ಪ್ರತಿಮೆ. ಪೀಠದ ಒಂದು ಪಕ್ಕದಲ್ಲಿ ಮತ್ತೆ ಆನೆ ಸಿಗುತ್ತದೆ, ಹುಡುಕಿ. ಈಗಲೂ ಊರಿನ ಜನ ಈ ಜಾಗವನ್ನು ಅರಮನೆ ಅಂಗಳ ಅಂತಲೇ ಕರೆಯುತ್ತಾರೆ. ಅರಮನೆ ಎಲ್ಲಿದೆ? ಇಲ್ಲ. ಮನುಯೆಲ್ ದೊರೆ ಬೆಟ್ಟದ ಕೋಟೆ ಬಿಟ್ಟು, ತನ್ನ ಹಡಗುಗಳನ್ನು ಕಣ್ಣಳತೆಯಲ್ಲಿ ಇಟ್ಟುಕೊಳ್ಳಲು ಇಲ್ಲಿ ಅರಮನೆ ಕಟ್ಟಿಸಿದ್ದ. ಇಂಡಿಯಾದ ವ್ಯಾಪಾರದ ಲೆಕ್ಕ ಇಡುವ ಕಚೇರಿಯೂ ಇಲ್ಲೇ ಇತ್ತು. ಮೆಣಸು ತೂಕವಾಗುತ್ತಿದ್ದದ್ದು, ಹಡಗಿನ ನಕ್ಷೆಗಳು ಬೀಗದೊಳಗೆ ಇರುತ್ತಿದ್ದದ್ದು ಇಲ್ಲಿ.

1755ರ ನವೆಂಬರ್ 1 ಸಕಲ ಸಂತರ ಹಬ್ಬ. ಬೆಳಗ್ಗೆ ಒಂಬತ್ತೂವರೆ ದಾಟಿತ್ತು. ಜನ ಇಗರ್ಜಿಗಳಲ್ಲಿ ತುಂಬಿದ್ದರು, ಎಲ್ಲ ಕಡೆ ಮೇಣದಬತ್ತಿ ಉರಿಯುತ್ತಿತ್ತು. ನೆಲ ಕೆಲವು ನಿಮಿಷ ನಡುಗಿತು. ಚಾವಣಿಗಳು ಬಿದ್ದವು. ಬದುಕಿದವರು ಬಯಲು ಸಿಗುತ್ತದೆಂದು ಇದೇ ನದಿ ದಡಕ್ಕೆ ಓಡಿಬಂದರು. ನೀರು ಹಿಂದಕ್ಕೆ ಸರಿದು ತಳ ಕಾಣಿಸಿತು. ಆಮೇಲೆ ಸುನಾಮಿ. ನೀರು ಮುಟ್ಟದ ಕಡೆ ಬಿದ್ದ ದೀಪಗಳಿಂದ ಹೊತ್ತಿದ ಬೆಂಕಿ ದಿನಗಟ್ಟಲೆ ಉರಿಯಿತು. ಸತ್ತವರು ಹತ್ತಾರು ಸಾವಿರ. ಅರಮನೆ, ಲೆಕ್ಕದ ಕಚೇರಿ, ಅದರ ಕಾಗದಪತ್ರ, ಆ ವರ್ಷವಷ್ಟೇ ತೆರೆದಿದ್ದ ಸಂಗೀತ ನಾಟಕಶಾಲೆ, ಎಲ್ಲ ಹೋಯಿತು. ದೊರೆಯ ಮನೆಯವರು ಆ ದಿನ ಬೆಲೇಂ ಕಡೆ ಇದ್ದದ್ದರಿಂದ ಉಳಿದರು. ಜುಜೆ ದೊರೆ ಎಷ್ಟು ಹೆದರಿದನೆಂದರೆ, ಸಾಯುವ ತನಕ ಕಲ್ಲಿನ ಚಾವಣಿಯ ಕೆಳಗೆ ಮಲಗಲಿಲ್ಲ. ಅಜುದಾ ಗುಡ್ಡದ ಮೇಲೆ ಮರದ ಅರಮನೆ ಕಟ್ಟಿಸಿಕೊಂಡ.

ಊರನ್ನು ಮತ್ತೆ ಕಟ್ಟಿಸಿದವನು ಮಂತ್ರಿ, ಮುಂದೆ ಪೊಂಬಾಲ್‌ನ ಮಾರ್ಕ್ವಿಸ್ ಆದವನು. ಒಳ್ಳೆಯವನೆಂದು ಹೇಳಲಾರೆ, ವಿರೋಧಿಗಳನ್ನು ಕ್ರೂರವಾಗಿ ಮುಗಿಸಿದ. ಆದರೆ ಕೆಲಸಗಾರ. ಪ್ರತಿ ಊರಿನ ಪಾದ್ರಿಗೂ ಪ್ರಶ್ನೆಗಳ ಪಟ್ಟಿ ಕಳಿಸಿದ: ಎಷ್ಟು ಹೊತ್ತು ನಡುಗಿತು, ನೀರು ಮೊದಲು ಏರಿತೋ ಇಳಿಯಿತೋ, ಎಷ್ಟು ಮನೆ ಬಿತ್ತು ಅಂತ. ಭೂಕಂಪವನ್ನು ದೇವರ ಸಿಟ್ಟೆಂದು ಬಿಟ್ಟುಬಿಡದೆ ಹೀಗೆ ಲೆಕ್ಕ ಕೇಳಿದ್ದು ಆ ಕಾಲಕ್ಕೆ ಹೊಸದು. ಆ ಉತ್ತರಗಳು ಇಂದೂ ವಿಜ್ಞಾನಿಗಳಿಗೆ ಬೇಕಾಗುತ್ತವೆ.

ಈಗ ಕಮಾನಿನ ಕೆಳಗೆ ನುಗ್ಗಿ ಅಗುಶ್ತಾ ಬೀದಿಗೆ ಬನ್ನಿ. ಮೊದಲು ಆ ಕಮಾನಿನ ಮೇಲೆ ಹತ್ತಿದರೆ ಒಳ್ಳೆಯದು. ಲಿಫ್ಟ್ ಇದೆ, ಕೊನೆಗೆ ಸ್ವಲ್ಪ ಇಕ್ಕಟ್ಟಿನ ಮೆಟ್ಟಿಲು. ಮೇಲಿಂದ ನೋಡಿದರೆ ಹೊಸ ಊರು ಚೌಕಾಬಾರದ ಮಣೆಯಂತೆ ಮನೆ ಮನೆಯಾಗಿ ಕಾಣುತ್ತದೆ. ಬೀದಿಗಳಿಗೆ ಕಸುಬಿನ ಹೆಸರು: ಚಿನ್ನದವರ ಬೀದಿ, ಬೆಳ್ಳಿಯವರ ಬೀದಿ, ಚಪ್ಪಲಿ ಹೊಲಿಯುವವರ ಬೀದಿ. ಗೋಡೆಗಳ ಒಳಗೆ ಅಡ್ಡ, ಉದ್ದ, ಮೂಲೆಯಿಂದ ಮೂಲೆಗೆ ಮರದ ತೊಲೆ ಜೋಡಿಸಿದ ಪಂಜರ ಇದೆ. ನೆಲ ಅಲುಗಿದರೆ ಪಂಜರ ಬಾಗುತ್ತದೆ, ಮುರಿಯುವುದಿಲ್ಲ. ಮಾದರಿ ಕಟ್ಟಿ, ಸುತ್ತ ಸೈನಿಕರನ್ನು ಕವಾಯತು ಮಾಡಿಸಿ ಪರೀಕ್ಷೆ ಮಾಡಿದರು ಅಂತ ಹೇಳುತ್ತಾರೆ. ಹೊರಗಿನಿಂದ ಇದು ಕಾಣುವುದಿಲ್ಲ. ಕುರೇರುಶ್ ಬೀದಿಯಲ್ಲಿ ಒಂದು ಬ್ಯಾಂಕಿನ ನೆಲಮಾಳಿಗೆ ಇದೆ, ಅಲ್ಲಿಗೆ ಹೋಗಿ. ರೋಮನ್ನರ ಕಾಲದ ಮೀನು ಉಪ್ಪು ಹಾಕುವ ತೊಟ್ಟಿಗಳನ್ನೂ, ಕಟ್ಟಡದ ಅಡಿಗೆ ನೆಟ್ಟ ಪೈನ್ ಮರದ ಗೂಟಗಳನ್ನೂ ತೋರಿಸುತ್ತಾರೆ. ಗುಂಪಾಗಿಯೇ ಕರೆದುಕೊಂಡು ಹೋಗುವುದರಿಂದ ಸಮಯ ಮೊದಲೇ ಕೇಳಿಡಿ.

ಬೀದಿಯ ತುದಿಗೆ ರೊಸಿಯೊ ಚೌಕ. ಅಲೆ ಅಲೆಯ ನೆಲಹಾಸು, ಕಾರಂಜಿ, ಬಿಳಿ ಕಂಬಗಳ ರಾಷ್ಟ್ರೀಯ ರಂಗಮಂದಿರ. ಆ ರಂಗಮಂದಿರದ ಜಾಗದಲ್ಲಿ ಮುಂಚೆ ಇದ್ದದ್ದು ಇನ್‌ಕ್ವಿಸಿಷನ್‌ನ ಅರಮನೆ, ಅಂದರೆ ಬೇರೆ ನಂಬಿಕೆಯವರನ್ನು ವಿಚಾರಣೆಗೆ ಎಳೆಯುತ್ತಿದ್ದ ಧರ್ಮನ್ಯಾಯಾಲಯ. ಅದರ ಗೋವಾ ಶಾಖೆ 1560ರಲ್ಲಿ ಶುರುವಾಯಿತು, ಪೂರ್ತಿ ಮುಚ್ಚಿದ್ದು 1812ರಲ್ಲಿ. ನಮ್ಮ ಕರಾವಳಿಯ ಎಷ್ಟೋ ಕೊಂಕಣಿ ಮನೆಗಳ ಕುಲದೇವರು ಗೋವಾದಲ್ಲಿ, ಮನೆ ಕುಮಟಾದಲ್ಲೋ ಕುಂದಾಪುರದಲ್ಲೋ ಮಂಗಳೂರಿನಲ್ಲೋ ಇರುವುದಕ್ಕೆ ಪೋರ್ಚುಗೀಸರ ಧರ್ಮದ ಕಿರುಕುಳವೂ ಕಾರಣ. ಹಿಂದೂಗಳೂ ಬಂದರು, ಕ್ರಿಶ್ಚಿಯನ್ನರೂ ಬಂದರು. ಇಲ್ಲಿ ಕಾಫಿ ಕುಡಿಯುತ್ತಾ ಕೂತಾಗ ಅದು ನೆನಪಾಗದೆ ಇರುವುದಿಲ್ಲ.

ಪಕ್ಕದಲ್ಲೇ ಸಾಂವ್ ದೊಮಿಂಗುಶ್ ಇಗರ್ಜಿ. ದಯವಿಟ್ಟು ಇದನ್ನು ಬಿಡಬೇಡಿ. ಟಿಕೆಟ್ ಇಲ್ಲ. ಭೂಕಂಪದಲ್ಲಿ ಬಿದ್ದು, ಕಟ್ಟಿ, 1959ರಲ್ಲಿ ಮತ್ತೆ ಸುಟ್ಟ ಕಟ್ಟಡ. ಚಾವಣಿ ಹೊಸದು ಹಾಕಿದ್ದಾರೆ, ಕಂಬಗಳನ್ನು ಹಾಗೇ ಬಿಟ್ಟಿದ್ದಾರೆ. ಬೆಂಕಿಗೆ ಸಿಡಿದ, ಕರಕಲಾದ ಕಲ್ಲು ಮುಟ್ಟಿದರೆ ಕೈಗೆ ತಿಳಿಯುತ್ತದೆ. ಹೊರಗಿನ ಸಣ್ಣ ಚೌಕದಲ್ಲಿ 1506ರಲ್ಲಿ ಕೊಲೆಯಾದ ಯಹೂದಿಗಳ ನೆನಪಿನ ಕಲ್ಲಿದೆ. ಆ ಹತ್ಯಾಕಾಂಡ ಶುರುವಾದದ್ದು ಈ ಇಗರ್ಜಿಯಿಂದಲೇ.

ಮಧ್ಯಾಹ್ನ ಕಾರ್ಮೊ ಮಠಕ್ಕೆ ಹತ್ತಿ. 1902ರ ಸಾಂತಾ ಜುಶ್ತಾ ಕಬ್ಬಿಣದ ಲಿಫ್ಟ್ ಓಡುತ್ತಿದ್ದರೆ ಜನ ಅದಕ್ಕೆ ಗಂಟೆಗಟ್ಟಲೆ ಸಾಲು ನಿಲ್ಲುತ್ತಾರೆ. ಬೇಡ. ಹಿಂದಿನ ಬೀದಿಯಲ್ಲಿ ಹತ್ತು ನಿಮಿಷ ಏರಿದರೆ ಮಠದ ಪಕ್ಕದ ತಾರಸಿಗೆ ಬರುತ್ತೀರಿ, ಅದೇ ನೋಟ ಪುಕ್ಕಟೆ. ಕಾರ್ಮೊ 1389ರಲ್ಲಿ ಶುರುವಾದ ಮಠ. ಭೂಕಂಪಕ್ಕೆ ಚಾವಣಿ ಹೋಯಿತು. ಮತ್ತೆ ಕಟ್ಟುವ ಕೆಲಸ ಅರ್ಧಕ್ಕೆ ನಿಂತಿತು, ಹಾಗೇ ಬಿಟ್ಟರು. ಕಮಾನುಗಳು ಎಲುಬಿನಂತೆ ನಿಂತಿವೆ, ಮಧ್ಯೆ ಆಕಾಶ. ಮೋಡ ಹರಿಯುವ ಹೊತ್ತಿನಲ್ಲಿ ಹೋದರೆ ನನ್ನ ಮಾತು ನಿಮಗೆ ಅರ್ಥವಾಗುತ್ತದೆ. ಒಳಗಿನ ಮ್ಯೂಸಿಯಂ ಪರವಾಗಿಲ್ಲ. ಇಲ್ಲಿಗೆ ಭಾನುವಾರ ರಜೆ, ನೆನಪಿರಲಿ.

ಮಠದ ಮುಂದಿನ ಪುಟ್ಟ ಚೌಕದಲ್ಲಿ ಮರದ ನೆರಳಿದೆ, ಕೂತುಕೊಳ್ಳಿ. 1974ರ ಏಪ್ರಿಲ್ 25ರಂದು ಸರ್ವಾಧಿಕಾರದ ಕೊನೆಯ ಪ್ರಧಾನಿ ಕಯೆತಾನು ಈ ಚೌಕದ ಪೊಲೀಸ್ ಠಾಣ್ಯದಲ್ಲಿ ಅಡಗಿ ಕೂತಿದ್ದ. ಹೊರಗೆ ಸೈನಿಕರ ಟ್ಯಾಂಕು, ಅವರ ಬಂದೂಕಿನ ಮೂತಿಯಲ್ಲಿ ಜನ ಸಿಕ್ಕಿಸಿದ ಕೆಂಪು ಕಾರ್ನೇಷನ್ ಹೂವು. ಸಂಜೆಗೆ ಶರಣಾದ. ಗೋವಾ 1961ರಲ್ಲೇ ಭಾರತ ಸೇರಿದ್ದರೂ ಪೋರ್ಚುಗಲ್ ಅದನ್ನು ಒಪ್ಪಿ ಸಹಿ ಹಾಕಿದ್ದು ಈ ಬದಲಾವಣೆ ಆದ ಮೇಲೆ, 1974ರ ಡಿಸೆಂಬರ್‌ನಲ್ಲಿ.

ಮೂರನೆಯ ದಿನ: ಬೆಟ್ಟದಿಂದ ಕೆಳಗೆ

ಅಲ್ಫಾಮಾ ನೋಡುವವರು ಮಾಡುವ ತಪ್ಪು ಕೆಳಗಿನಿಂದ ಹತ್ತುವುದು. ಮೇಲೆ ಹೋಗಿ ಇಳಿಯುತ್ತಾ ನೋಡಿ, ಮಂಡಿ ಉಳಿಯುತ್ತದೆ. ಹತ್ತಲು 28ನೇ ನಂಬರಿನ ಹಳದಿ ಟ್ರಾಂ ಇದೆ. ಮರದ ಸೀಟಿನ ಹಳೇ ಬಂಡಿ, ಕೈ ಚಾಚಿದರೆ ಮನೆಗೋಡೆ ಸಿಗುವಂಥ ಓಣಿಗಳಲ್ಲಿ ಕಿರ್ರೆಂದು ತಿರುಗುತ್ತದೆ. ಮಾರ್ತಿಂ ಮೊನೀಜ್‌ನಲ್ಲಿ ಹತ್ತುವುದಾದರೆ ಬೆಳಗ್ಗೆ ಎಂಟರೊಳಗೆ ಹೋಗಿ. ಇಲ್ಲದಿದ್ದರೆ ಇನ್ನೊಂದು ತುದಿಯಾದ ಕಾಂಪು ದ ಓರಿಕ್‌ನಿಂದ ಹತ್ತಿ, ಸೀಟು ಸಿಗುತ್ತದೆ. ಜೇಬುಗಳ್ಳರಿಗೆ ಈ ಟ್ರಾಂ ಅಂದರೆ ಹಬ್ಬ. ಪರ್ಸು, ಪಾಸ್‌ಪೋರ್ಟು ಮುಂದಿನ ಜೇಬಿನಲ್ಲಿ ಇರಲಿ. ಹಗ್ಗದಲ್ಲಿ ಎಳೆಯುವ ಗುಡ್ಡದ ಬಂಡಿಗಳನ್ನು ಮಾತ್ರ ಲೆಕ್ಕಕ್ಕೆ ಇಟ್ಟುಕೊಳ್ಳಬೇಡಿ. 1885ರಿಂದ ಓಡುತ್ತಿದ್ದ ಗ್ಲೋರಿಯಾ ಬಂಡಿ 2025ರ ಸೆಪ್ಟೆಂಬರ್‌ನಲ್ಲಿ ಹಳಿ ತಪ್ಪಿ 16 ಜನ ತೀರಿಕೊಂಡರು. ಯಾವುದು ಓಡುತ್ತಿದೆ ಎಂದು ಕೇಳಿ ನೋಡಿ ಹೊರಡಿ.

ತುದಿಯಲ್ಲಿ ಸಾಂವ್ ಜೊರ್ಜ್ ಕೋಟೆ. 11ನೇ ಶತಮಾನದಲ್ಲಿ ಇಲ್ಲಿ ಆಳುತ್ತಿದ್ದ ಮುಸ್ಲಿಮರು, ಅಂದರೆ ಮೂರ್ ಜನ, ಕಟ್ಟಿದ ಕೋಟೆ. 1147ರಲ್ಲಿ ಪೋರ್ಚುಗಲ್‌ನ ಮೊದಲ ದೊರೆ ಅಫೊನ್ಸೊ ಎನ್ರಿಕಿಶ್ ಕ್ರುಸೇಡಿಗೆ, ಅಂದರೆ ಕ್ರೈಸ್ತರ ಧರ್ಮಯುದ್ಧಕ್ಕೆ, ಹೊರಟಿದ್ದವರ ನೆರವು ಪಡೆದು ಇದನ್ನು ಗೆದ್ದ. ಈಗ ಕಾಣುವ ಗೋಡೆ, ಬುರುಜುಗಳಲ್ಲಿ ಬಹಳಷ್ಟು 20ನೇ ಶತಮಾನದ ರಿಪೇರಿ. ಹಾಗಾಗಿ ಕಲ್ಲಿಗಿಂತ ನೋಟಕ್ಕೆ ಹೋಗಿ. ಇಡೀ ಊರು, ನದಿ, ಸೇತುವೆ ಕಾಣುತ್ತವೆ. ನವಿಲುಗಳು ಓಡಾಡಿಕೊಂಡಿರುತ್ತವೆ, ನಮಗೇನು ಹೊಸದಲ್ಲ. ಗಾಮಾ ವಾಪಸ್ ಬಂದಾಗ ಮನುಯೆಲ್ ಅವನನ್ನು ಎದುರುಗೊಂಡದ್ದು ಇಲ್ಲಿದ್ದ ಅರಮನೆಯಲ್ಲಿ.

ಇನ್ನೊಂದು ವಿಷಯ ಕನ್ನಡದವರಿಗಾಗಿ. ಪೋರ್ಚುಗಲ್‌ನ ಸರ್ಕಾರಿ ದಫ್ತರಖಾನೆ ಈ ಕೋಟೆಯ ಒಂದು ಬುರುಜಿನಲ್ಲಿ ಇತ್ತು. ಬುರುಜು 1755ರಲ್ಲಿ ಬಿತ್ತು, ಆದರೆ ಕಡತಗಳಲ್ಲಿ ಬಹುಪಾಲು ಉಳಿದವು. ಈಗ ವಿಶ್ವವಿದ್ಯಾಲಯದ ಕಡೆ ದೊಡ್ಡ ಕಟ್ಟಡದಲ್ಲಿವೆ, ಹೆಸರು ಮಾತ್ರ ಇನ್ನೂ ಬುರುಜಿನದೇ: ತೊರ್ ದೊ ತೊಂಬು. ಕೃಷ್ಣದೇವರಾಯನ ಹಂಪಿಯನ್ನು ಕಣ್ಣಾರೆ ಕಂಡು ಬರೆದ ದೊಮಿಂಗೊ ಪಾಯೆಸ್, ಅಚ್ಯುತರಾಯನ ಕಾಲದ ಫೆರ್ನಾಂವ್ ನೂನಿಜ್ ಇಬ್ಬರೂ ಪೋರ್ಚುಗೀಸರೇ, ಅವರ ಹಸ್ತಪ್ರತಿ ಮಾತ್ರ ಪ್ಯಾರಿಸ್‌ನಲ್ಲಿ ಸಿಕ್ಕಿತು. ಮಹಾನವಮಿ ದಿಬ್ಬದ ಹಬ್ಬ ಹೇಗಿತ್ತೆಂದು ನಾವಿಂದು ಹೇಳುವುದರಲ್ಲಿ ಪಾಯೆಸ್‌ನ ಪಾಲು ದೊಡ್ಡದು.

ಕೋಟೆಯಿಂದ ಇಳಿದರೆ ಪೊರ್ತಾಶ್ ದೊ ಸೊಲ್, ಸಾಂತಾ ಲುಜಿಯಾ ಎಂಬ ಎರಡು ನೋಟದ ಕಟ್ಟೆಗಳು ಅಕ್ಕಪಕ್ಕ ಇವೆ. ಸಾಂತಾ ಲುಜಿಯಾದ ಗೋಡೆಯಲ್ಲಿ ನೀಲಿ ಹೆಂಚಿನ, ಅಂದರೆ ಗೋಡೆಗೆ ಅಂಟಿಸುವ ಟೈಲ್ಸಿನ, ಚಿತ್ರವಿದೆ, ಭೂಕಂಪಕ್ಕೆ ಮುಂಚಿನ ಅರಮನೆ ಅಂಗಳ ಅದರಲ್ಲಿದೆ. ನಿನ್ನೆ ನೋಡಿದ ಖಾಲಿ ಜಾಗ ಈಗ ತುಂಬುತ್ತದೆ.

ಇಲ್ಲಿಂದ ಮುಂದೆ ನಕ್ಷೆ ಜೇಬಿಗೆ ಹಾಕಿ. ಅಲ್ಫಾಮಾ ಅನ್ನುವ ಹೆಸರೇ ಅರಬಿಯದು, ಬಿಸಿನೀರಿನ ಬುಗ್ಗೆ ಎಂದರ್ಥ. ಗಟ್ಟಿ ಬಂಡೆಯ ಮೇಲಿದ್ದದ್ದರಿಂದ ಈ ಕೇರಿ ಭೂಕಂಪದಲ್ಲಿ ಬಹುಪಾಲು ಉಳಿಯಿತು. ಓಣಿಯಲ್ಲಿ ಬಟ್ಟೆ ಒಣಗುತ್ತಿರುತ್ತದೆ, ಅಜ್ಜಿಯರು ಕಿಟಕಿಯಲ್ಲಿ ಕೂತಿರುತ್ತಾರೆ. ಇದು ಜನ ಬದುಕುವ ಜಾಗ, ಕಿಟಕಿಯೊಳಗೆ ಕ್ಯಾಮೆರಾ ತೂರಿಸಬೇಡಿ. ರಾತ್ರಿ ಫಾದು ಅನ್ನುವ ಇಲ್ಲಿನ ವಿಷಾದದ ಹಾಡು ಕೇಳಬೇಕೆಂದರೆ ಇಲ್ಲೇ ಬನ್ನಿ. ಹಾಡುವಾಗ ದೀಪ ತಗ್ಗಿಸುತ್ತಾರೆ, ಮಾತಾಡಿದರೆ ಪಕ್ಕದವರೇ ಸುಮ್ಮನಿರಿ ಅನ್ನುತ್ತಾರೆ.

ಇಳಿಯುತ್ತಾ ಸಿಗುವುದು ಸೆ, ಊರಿನ ಮುಖ್ಯ ಇಗರ್ಜಿ. ಮಸೀದಿ ಇದ್ದ ಜಾಗದಲ್ಲಿ 1147ರ ಗೆಲುವಿನ ನಂತರ ಎದ್ದದ್ದು. ಎರಡು ಗಟ್ಟಿ ಗೋಪುರ, ನೋಡಲು ಕೋಟೆಯೇ. ಎದುರಿಗೆ ಅಲ್ಜೂಬ್, ಸಲಜಾರನ ಕಾಲದ ರಾಜಕೀಯ ಕೈದಿಗಳ ಜೈಲು, ಈಗ ಮ್ಯೂಸಿಯಂ. ಒಂದು ಗಂಟೆ ಕೊಡಿ. ನದಿ ಹತ್ತಿರ ಬಂದಾಗ ಮುಂಭಾಗವೆಲ್ಲ ಮೊನಚು ಕಲ್ಲುಗಳ ಮನೆ ಕಾಣುತ್ತದೆ, ಹಲಸಿನ ಹಣ್ಣಿನ ಸಿಪ್ಪೆಯಂತೆ. ಅದು ಕಾಸಾ ದುಶ್ ಬೀಕುಶ್. 1523ರಲ್ಲಿ ಕಟ್ಟಿಸಿದವನು ಗೋವಾ ಹಿಡಿದ ಅಲ್ಬುಕೆರ್ಕ್‌ನ ಮಗ. ಮೇಲಿನ ಎರಡು ಮಹಡಿ ಭೂಕಂಪದಲ್ಲಿ ಬಿದ್ದಿದ್ದವು, 1980ರ ದಶಕದಲ್ಲಿ ಮತ್ತೆ ಕಟ್ಟಿದರು. ಈಗ ಲೇಖಕ ಜುಜೆ ಸರಮಾಗು ಹೆಸರಿನ ಪ್ರತಿಷ್ಠಾನ ಅಲ್ಲಿದೆ. ಮುಂದಿನ ಆಲಿವ್ ಮರದ ಬುಡದಲ್ಲಿ ಅವರ ಚಿತಾಭಸ್ಮವಿದೆ.

ಮೂರನೆಯ ದಿನ ಮಂಗಳವಾರವೋ ಶನಿವಾರವೋ ಆಗಿದ್ದರೆ ಕೋಟೆಗೆ ಮುಂಚೆ ಸಾಂತಾ ಎಂಗ್ರಾಸಿಯಾಗೆ ಹೋಗಿ, ಪಕ್ಕದ ಬಯಲಿನಲ್ಲಿ ಹಳೇ ಸಾಮಾನಿನ ಸಂತೆ ಸೇರುತ್ತದೆ. ಆ ಬಿಳಿ ಗುಮ್ಮಟದ ಕಟ್ಟಡ ಈಗ ರಾಷ್ಟ್ರದ ದೊಡ್ಡವರ ಸಮಾಧಿ ಮಂದಿರ. 1682ರಲ್ಲಿ ಶುರುವಾಗಿ ಮುಗಿದದ್ದು 1966ರಲ್ಲಿ. ಮುಗಿಯದ ಕೆಲಸಕ್ಕೆ ಅಲ್ಲಿನವರು ಇಂದಿಗೂ 'ಸಾಂತಾ ಎಂಗ್ರಾಸಿಯಾದ ಕೆಲಸ' ಅನ್ನುತ್ತಾರೆ. ನಮ್ಮ ಊರಿನ ಫ್ಲೈಓವರುಗಳಿಗೆ ಎರವಲು ತರಬಹುದಾದ ಮಾತು.

ಊಟ, ಮತ್ತೆ ಉಳಿದ ಅರ್ಧ ದಿನ

ಹೋಟೆಲಿನಲ್ಲಿ ಕೂತ ಕೂಡಲೇ ಬ್ರೆಡ್ಡು, ಆಲಿವ್, ಬೆಣ್ಣೆ ತಂದಿಡುತ್ತಾರೆ. ಪುಕ್ಕಟೆ ಅಂದುಕೊಳ್ಳಬೇಡಿ, ಮುಟ್ಟಿದರೆ ಬಿಲ್ಲಿಗೆ ಸೇರುತ್ತದೆ. ಬೇಡವಾದರೆ ಬೇಡ ಅನ್ನಿ, ಯಾರೂ ಬೇಜಾರಾಗುವುದಿಲ್ಲ. ಸಸ್ಯಾಹಾರಿಗಳು 'ಸೆಂ ಕಾರ್ನ್, ಸೆಂ ಪೆಯ್ಶ್' ಎಂದು ಬಾಯಿಪಾಠ ಮಾಡಿಕೊಳ್ಳಿ. ಮಾಂಸ ಬೇಡ, ಮೀನು ಬೇಡ ಅಂತ. ಸೊಪ್ಪಿನ ಸೂಪು ಎಂದು ಕೊಡುವ ಕಾಲ್ದು ವೆರ್ದ್‌ನಲ್ಲೂ ಸಾಸೇಜಿನ ಹೋಳು ತೇಲುತ್ತಿರುತ್ತದೆ. ಅನ್ನ, ದಾಲು ಬೇಕೇ ಬೇಕು ಅನ್ನಿಸಿದರೆ ಮಾರ್ತಿಂ ಮೊನೀಜ್ ಸುತ್ತಮುತ್ತ ನೋಡಿ. ಭಾರತ, ನೇಪಾಳ, ಬಾಂಗ್ಲಾದವರ ಅಂಗಡಿಗಳು ಸಾಲಾಗಿವೆ. ನಲ್ಲಿ ನೀರು ಕುಡಿಯಬಹುದು, ಬಾಟಲಿಗೆ ದುಡ್ಡು ಸುರಿಯಬೇಡಿ.

ಅರ್ಧ ದಿನ ಮಿಕ್ಕರೆ ಹೆಂಚಿನ ಮ್ಯೂಸಿಯಂ. 1509ರಲ್ಲಿ ಲಿಯೊನೊರ್ ರಾಣಿ ಕಟ್ಟಿಸಿದ ಕನ್ಯಾಮಠದಲ್ಲಿದೆ. ಅಲ್ಲಿ ಸುಮಾರು 23 ಮೀಟರ್ ಉದ್ದದ ನೀಲಿ ಹೆಂಚಿನ ಚಿತ್ರದಲ್ಲಿ 1700ರ ಹೊತ್ತಿನ ಇಡೀ ಲಿಸ್ಬನ್ ನದಿ ಕಡೆಯಿಂದ ಕಂಡಂತೆ ಇದೆ. ಹೋಗುವ ಮುಂಚೆ ತೆರೆದಿದೆಯೇ ಎಂದು ನೋಡಿ. ಎಲ್ಲ ಸುತ್ತಿದ ಮೇಲೆ ಕೊನೆಗೆ ಇದನ್ನು ನೋಡಿದರೆ, ಯಾವ ಗೋಪುರ ಉಳಿಯಿತು ಯಾವುದು ಹೋಯಿತು ಅಂತ ಬೆರಳಿಟ್ಟು ಹೇಳುತ್ತೀರಿ.

ಕೊನೆಯ ಸಂಜೆ ಮತ್ತೆ ಅರಮನೆ ಅಂಗಳಕ್ಕೆ ಬನ್ನಿ. ಜೂನ್‌ನಲ್ಲಾದರೆ ಸೂರ್ಯ ಮುಳುಗುವುದೇ ರಾತ್ರಿ ಒಂಬತ್ತಕ್ಕೆ. ಚೌಕದ ಅಂಚಿನಲ್ಲಿ ಎರಡು ಕಂಬಗಳ ನಡುವೆ ಕಲ್ಲಿನ ಮೆಟ್ಟಿಲು ನೀರಿಗೆ ಇಳಿಯುತ್ತದೆ. ಸಮುದ್ರದ ಉಬ್ಬರ ಇಳಿತ ಇಲ್ಲಿಯ ತನಕ ಬರುತ್ತದೆ. ನೀರು ಇಳಿದಿದ್ದರೆ ಕೆಳಗಿನ ಮೆಟ್ಟಿಲವರೆಗೂ ಹೋಗಬಹುದು. ಅಲ್ಲಿ ಪಾಚಿ ಕಟ್ಟಿರುತ್ತದೆ, ನಿಧಾನ.